ಫುಟ್‌ಬಾಲ್ ಕ್ಲಬ್‌ಗಳ ಬಣ್ಣ ಮತ್ತು ಹೊರಗಿನ ಬಂಡವಾಳ

ಫುಟ್‌ಬಾಲ್ ಕ್ಲಬ್‌ಗಳ ಬಣ್ಣ : ಒಂದು ಕ್ಲಬ್ಬಿನ ಆಟಗಾರರು ತವರಿನ ಅಂಗಳದಲ್ಲಿ ಆಡುವಾಗ ತಲೆಮಾರುಗಳಿಂದ ತೊಡುತ್ತ ಬಂದ ಅಂಗಿಯ ಬಣ್ಣ, ಅದನ್ನೇ ಗುರುತಾಗಿಟ್ಟುಕೊಂಡು ಅಭಿಮಾನಿಗಳು ಧರಿಸುವ ಶಾಲು, ಬಾವುಟ, ಟೊಪ್ಪಿಗೆಗಳ ಬಣ್ಣವೂ ಅದೇ. ಕ್ಲಬ್‌ಗಳು ಸದಸ್ಯರ ಕೈಯಿಂದ ಕಂಪನಿಗಳ ಕೈಗೂ, ಅಲ್ಲಿಂದ ಹೊರದೇಶದ ಹೂಡಿಕೆದಾರರ ಕೈಗೂ ಹೋದಂತೆ ಈ ಬಣ್ಣ ಯಾರ ಸ್ವತ್ತು ಎಂಬ ಪ್ರಶ್ನೆ ಎದ್ದಿದೆ. ಮೈದಾನ, ಕಟ್ಟಡ, ಆಟಗಾರರ ಒಪ್ಪಂದ, ಟಿವಿ ಪ್ರಸಾರದ ಹಕ್ಕು ಇವೆಲ್ಲ ಕ್ರಯಪತ್ರದಲ್ಲಿ ಕಾಣಿಸುತ್ತವೆ. ಬಣ್ಣಕ್ಕೆ ಬೆಲೆ ಬಂದದ್ದು ಮಾತ್ರ ಟಿಕೆಟ್ ಕೊಂಡು ಬಂದು ಕೂತವರಿಂದ. ಆದ್ದರಿಂದ ಅವರನ್ನು ಕೇಳದೆ ಅದನ್ನು ಬದಲಿಸಿದಾಗ ಹಲವು ಕಡೆ ಜಗಳವಾಗಿದೆ. ಈ ಜಗಳದ ಅತಿ ದೊಡ್ಡ ಉದಾಹರಣೆ ವೇಲ್ಸ್ ದೇಶದ ಕಾರ್ಡಿಫ್ ಸಿಟಿ ಕ್ಲಬ್ಬಿನದು. ಭಾರತದಲ್ಲಿ ಕೋಲ್ಕತ್ತ, ಮುಂಬಯಿ, ಬೆಂಗಳೂರು ನಗರಗಳೂ ಬೇರೆ ಬೇರೆ ಬಗೆಯಲ್ಲಿ ಈ ಪ್ರಶ್ನೆಯನ್ನು ಎದುರಿಸಿವೆ.

ಬಣ್ಣಗಳ ಹುಟ್ಟು

ಎಷ್ಟೋ ಕ್ಲಬ್‌ಗಳ ಬಣ್ಣ ಆದಿಯಿಂದ ಬಂದದ್ದಲ್ಲ. ಇಟಲಿಯ ಯುವೆಂಟಸ್ ಮೊದಲು ಆಡಿದ್ದು ಗುಲಾಬಿ ಅಂಗಿಯಲ್ಲಿ. 1903ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಿಂದ ತರಿಸಿದ ಅಂಗಿಗಳು ನಾಟ್ಸ್ ಕೌಂಟಿಯ ಕಪ್ಪು-ಬಿಳಿ ಪಟ್ಟೆಯವಾಗಿದ್ದವು, ಅವೇ ನಿಂತವು. ಇವತ್ತು ಕೆಂಪಿನ ಇನ್ನೊಂದು ಹೆಸರೇ ಆಗಿರುವ ಲಿವರ್‌ಪೂಲ್ ಹುಟ್ಟಿದಾಗ ತೊಟ್ಟದ್ದು ನೀಲಿ-ಬಿಳಿ. ಲೀಡ್ಸ್ ಯುನೈಟೆಡ್‌ನ ವ್ಯವಸ್ಥಾಪಕನಾಗಿ 1961ರಲ್ಲಿ ಬಂದ ಡಾನ್ ರೆವಿ, ರಿಯಲ್ ಮ್ಯಾಡ್ರಿಡ್ ತಂಡದ ಹಿರಿಮೆ ತನ್ನವರಿಗೂ ಬರಲಿ ಎಂದು ನೀಲಿ-ಹೊಂಬಣ್ಣ ಬಿಟ್ಟು ಅಚ್ಚ ಬಿಳಿಯನ್ನು ತಂದ. ಇಂಗ್ಲೆಂಡಿನಲ್ಲಿ ಈಗ ಯಾರೂ ಆ ಬಿಳಿಯನ್ನು ಹೊರಗಿನದೆಂದು ಎಣಿಸುವುದಿಲ್ಲ.

ಹಾಗಾದರೆ ಬಣ್ಣ ಬದಲಿಸುವುದೇ ತಪ್ಪು ಎನ್ನುವಂತಿಲ್ಲ. ರೆವಿ ಬದಲಿಸಿದ್ದು ತನ್ನ ತಂಡ ಇನ್ನೂ ಚೆನ್ನಾಗಿ ಆಡಲೆಂದು, ಅಂಗಿ ಮಾರಲೆಂದಲ್ಲ. ಅವನ ಕೈಕೆಳಗೆ ತಂಡ ಗೆದ್ದಿತು, ಬಿಳಿ ಊರಿನದಾಯಿತು. ದೂರದ ಇನ್ನೊಂದು ಮಾರುಕಟ್ಟೆಯ ಗಿರಾಕಿಗಾಗಿ ಊರಿನವರ ಬಣ್ಣವನ್ನು ಕಳಚುವುದು ಬೇರೆಯೇ ಮಾತು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು, "ಬಣ್ಣ ಮೊದಲೂ ಬದಲಾಗಿತ್ತಲ್ಲ" ಎಂದು ವಾದಿಸುತ್ತಾರೆ. ಕಾರ್ಡಿಫ್‌ನಲ್ಲಿಯೂ ಈ ವಾದ ಕೇಳಿಬಂದಿತ್ತು.

ಕಾರ್ಡಿಫ್ ಸಿಟಿ

1899ರಲ್ಲಿ ರಿವರ್‌ಸೈಡ್ ಎಂಬ ಹೆಸರಿನಲ್ಲಿ ಆರಂಭವಾದ ಈ ಕ್ಲಬ್ಬಿನ ಮೊದಲ ಅಂಗಿ ಚಾಕೊಲೇಟ್ ಕಂದು ಮತ್ತು ಕೇಸರಿ ಹಳದಿ. 1908ರಲ್ಲಿ ಕಾರ್ಡಿಫ್ ಸಿಟಿ ಎಂದು ಹೆಸರಾಯಿತು. ನೀಲಿ ಬಂದದ್ದೂ ಆ ಹೊತ್ತಿಗೇ. ಮಾರಿಸ್ ಮೇಟರ್‌ಲಿಂಕ್‌ನ ನೀಲಿ ಹಕ್ಕಿಯ ನಾಟಕ 1911ರಲ್ಲಿ ಆ ಊರಿನಲ್ಲಿ ಪ್ರದರ್ಶನವಾದ ಮೇಲೆ ತಂಡಕ್ಕೆ ನೀಲಿಹಕ್ಕಿಗಳು ಎಂಬ ಅಡ್ಡಹೆಸರು ಅಂಟಿಕೊಂಡಿತು ಎನ್ನುತ್ತಾರೆ. 1927ರಲ್ಲಿ ಆರ್ಸೆನಲ್ ತಂಡವನ್ನು 1-0ರಿಂದ ಸೋಲಿಸಿ ಎಫ್‌ಎ ಕಪ್ ಗೆದ್ದಾಗ ಆ ಕಪ್ಪು ಮೊದಲ ಬಾರಿಗೆ ಇಂಗ್ಲೆಂಡಿನ ಗಡಿ ದಾಟಿತು. ಇಂದಿಗೂ ಆ ಗೌರವ ಬೇರೆ ಯಾವ ಕ್ಲಬ್ಬಿಗೂ ದಕ್ಕಿಲ್ಲ. ನೂರು ವರ್ಷ ನೀಲಿ ಹೀಗೆ ಊರಿನ ಗೆಲುವು ಸೋಲುಗಳ ನೆನಪನ್ನೆಲ್ಲ ಹೊತ್ತಿತ್ತು.

ಸಾಲದಲ್ಲಿ ಮುಳುಗಿದ್ದ ಕ್ಲಬ್ಬಿಗೆ 2010ರಲ್ಲಿ ಮಲೇಷ್ಯಾದ ಹೂಡಿಕೆದಾರರು ಬಂದರು. ಅವರಲ್ಲಿ ಪ್ರಮುಖರು ಬರ್ಜಾಯ ಸಮೂಹದ ವಿನ್ಸೆಂಟ್ ಟಾನ್. 2012ರ ಮೇ ತಿಂಗಳಿನಲ್ಲಿ, ತಂಡ ಪ್ರೀಮಿಯರ್ ಲೀಗ್‌ಗೆ ಏರುವ ಅವಕಾಶವನ್ನು ಕೊನೆಯ ಹಂತದಲ್ಲಿ ಕಳೆದುಕೊಂಡ ಬೆನ್ನಿಗೇ, ಅಂಗಿ ಕೆಂಪಾಗಲಿದೆ, ಲಾಂಛನದಲ್ಲಿ ಹಕ್ಕಿಯ ಜಾಗಕ್ಕೆ ಡ್ರ್ಯಾಗನ್ ಬರಲಿದೆ ಎಂಬ ಸುದ್ದಿ ಹೊರಬಿತ್ತು. ಏಷ್ಯಾದಲ್ಲಿ ಕೆಂಪು ಶುಭದ ಬಣ್ಣ, ಅಲ್ಲಿ ಅಂಗಿ ಹೆಚ್ಚು ಮಾರಾಟವಾಗುತ್ತದೆ, ಡ್ರ್ಯಾಗನ್ ವೇಲ್ಸಿನ ಗುರುತೂ ಹೌದು ಎಂಬುದು ಒಡೆಯರ ಕಡೆಯ ಲೆಕ್ಕ. ಅಭಿಮಾನಿಗಳು ಸಿಟ್ಟಾದರು, ಯೋಜನೆ ಕೈಬಿಟ್ಟಿದ್ದೇವೆ ಎಂದು ಕ್ಲಬ್ ಹೇಳಿತು. ಆದರೆ ಜೂನ್ 6ರಂದು ಅದೇ ಯೋಜನೆ ಮತ್ತೆ ಬಂತು, ಈ ಬಾರಿ ತೀರ್ಮಾನವಾಗಿ. ಅದರ ಜೊತೆಗೇ ಕ್ರೀಡಾಂಗಣದ ವಿಸ್ತರಣೆ, ತರಬೇತಿ ಕೇಂದ್ರ, ಸಾಲದ ಪರಿಹಾರ ಎಂದು ಹತ್ತು ಕೋಟಿ ಪೌಂಡ್‌ವರೆಗಿನ ಹೂಡಿಕೆಯ ಮಾತೂ ಬಂತು.

ಊರಿನವರ ಮುಂದೆ ಇದ್ದ ಆಯ್ಕೆ ಬಲು ಕಠಿಣವಾದದ್ದು. ಹಣ ಬೇಡ ಎಂದರೆ ಕ್ಲಬ್ ಮುಳುಗಬಹುದು. ಬೇಕು ಎಂದರೆ ನೀಲಿ ಬಿಡಬೇಕು. ಕೆಂಪನ್ನು ಒಪ್ಪಿಕೊಂಡವರನ್ನು ಹಣಕ್ಕೆ ಮಾರಿಕೊಂಡವರೆಂದು ಬೈಯುವುದು ನ್ಯಾಯವಲ್ಲ. ಎಷ್ಟೋ ವರ್ಷ ಕೆಳಗಿನ ಶ್ರೇಣಿಗಳಲ್ಲಿ ತಂಡವನ್ನು ಹಿಂಬಾಲಿಸಿದವರು ಅವರು. 2012-13ರ ಋತುವಿನಲ್ಲಿ ಆಟಗಾರರು ಕೆಂಪು ಅಂಗಿಯಲ್ಲಿ ಇಳಿದರು. ಮೈದಾನಕ್ಕೆ ಬಂದವರಿಗೆ ಕ್ಲಬ್ ಕೆಂಪು ಶಾಲುಗಳನ್ನು ಪುಕ್ಕಟೆಯಾಗಿ ಹಂಚಿತು. ಗ್ಯಾಲರಿಯಲ್ಲಿ ಹಳೆಯ ನೀಲಿ ಅಂಗಿಯವರೂ ಹೊಸ ಕೆಂಪು ಶಾಲಿನವರೂ ಅಕ್ಕಪಕ್ಕ ಕೂತು ಒಂದೇ ತಂಡಕ್ಕೆ ಕೂಗುತ್ತಿದ್ದರು. 2013ರ ಏಪ್ರಿಲ್ 16ರಂದು ಚಾರ್ಲ್ಟನ್ ವಿರುದ್ಧದ ಪಂದ್ಯ ಗೋಲಿಲ್ಲದೆ ಮುಗಿದಾಗ, 51 ವರ್ಷಗಳ ನಂತರ ಕಾರ್ಡಿಫ್ ಅಗ್ರ ಶ್ರೇಣಿಗೆ ಮರಳಿತು. ಅಂಥ ರಾತ್ರಿಯಲ್ಲೂ ಊರು ಒಂದೇ ಬಣ್ಣದಲ್ಲಿ ಕುಣಿಯಲಾಗಲಿಲ್ಲ. ಈ ಇಡೀ ಪ್ರಕರಣದ ನಷ್ಟವನ್ನು ಅಳೆಯಬೇಕಾದದ್ದು ಅಲ್ಲಿ.

ಗೆದ್ದುದರಿಂದ ಕೆಂಪೇ ಶುಭವೆಂದಾಯಿತೇ? ಅದೂ ಇಲ್ಲ. ತಂಡವನ್ನು ಮೇಲೆ ತಂದ ವ್ಯವಸ್ಥಾಪಕ ಮ್ಯಾಲ್ಕಿ ಮೆಕೈ ಅವರನ್ನು 2013ರ ಡಿಸೆಂಬರಿನಲ್ಲಿ ತೆಗೆದುಹಾಕಲಾಯಿತು. 2014ರ ಮೇನಲ್ಲಿ ಕಾರ್ಡಿಫ್ ಪಟ್ಟಿಯ ತಳದಲ್ಲಿ ನಿಂತು ಕೆಳಗಿಳಿಯಿತು. ಪ್ರೇಕ್ಷಕರ ಸಂಖ್ಯೆ ಕುಸಿಯತೊಡಗಿತು, ಪ್ರತಿಭಟನೆ ಮತ್ತೆ ಜೋರಾಯಿತು. 2015ರ ಜನವರಿ 9ರಂದು, ತವರಿನ ಅಂಗಿ ಮತ್ತೆ ನೀಲಿಯಾಗುತ್ತದೆ ಎಂದು ಕ್ಲಬ್ ಪ್ರಕಟಿಸಿತು. ಒಗ್ಗಟ್ಟು ಮತ್ತು ಸಂತೋಷ ಮುಖ್ಯವೆಂದು ತಮ್ಮ ತಾಯಿ ಹೇಳಿದ ಮಾತು ಮನಸ್ಸಿಗೆ ನಾಟಿತು ಎಂದು ಟಾನ್ ತಿಳಿಸಿದರು. ಮರುದಿನವೇ ನೀಲಿ ತೊಟ್ಟ ತಂಡ ಫುಲ್‌ಹ್ಯಾಮ್ ವಿರುದ್ಧ 1-0ರಿಂದ ಗೆದ್ದಿತು. 2018ರಲ್ಲಿ ಕಾರ್ಡಿಫ್ ಮತ್ತೊಮ್ಮೆ ಪ್ರೀಮಿಯರ್ ಲೀಗ್‌ಗೆ ಏರಿದ್ದು ನೀಲಿ ಅಂಗಿಯಲ್ಲಿ, ಅದೇ ಒಡೆಯರ ಕಾಲದಲ್ಲಿ. ಹಣ ಹಾಕಲು ಬಣ್ಣ ಬದಲಿಸಲೇಬೇಕು ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಇದೇ ಹೊತ್ತಿನಲ್ಲಿ ಲೆಸ್ಟರ್ ಸಿಟಿಯ ಕಥೆಯನ್ನೂ ನೆನೆಯಬೇಕು. ಥಾಯ್ಲೆಂಡಿನ ಕಿಂಗ್ ಪವರ್ ಸಂಸ್ಥೆಯ ಒಡೆಯರು 2010ರಲ್ಲಿ ಆ ಕ್ಲಬ್ ಕೊಂಡರು, ನೀಲಿಯನ್ನು ಮುಟ್ಟಲಿಲ್ಲ. 2015-16ರಲ್ಲಿ ಅದು ಇಂಗ್ಲೆಂಡಿನ ಚಾಂಪಿಯನ್ ಆಯಿತು. ಬಣ್ಣ ಉಳಿಸಿದರೆ ಸಾಕು ಎಂದೂ ಅಲ್ಲ. ಪುಣೆಯ ಕೋಳಿ ಉದ್ಯಮದ ವೆಂಕಿಸ್ ಅದೇ 2010ರ ನವೆಂಬರಿನಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಕ್ಲಬ್ಬನ್ನು ಕೊಂಡಿತು. ಅಲ್ಲಿನವರಿಗೆ ನಾವು ಭಾರತೀಯರೇ ಹೊರದೇಶದ ಒಡೆಯರು. ಅರ್ಧ ನೀಲಿ, ಅರ್ಧ ಬಿಳಿಯ ಪ್ರಸಿದ್ಧ ಅಂಗಿ ಹಾಗೆಯೇ ಉಳಿಯಿತು, ಆದರೂ 2012ರಲ್ಲಿ ತಂಡ ಕೆಳಗಿಳಿದು ಅಭಿಮಾನಿಗಳು ಬೀದಿಗಿಳಿದರು.

ಸಾಲ್ಜ್‌ಬರ್ಗ್, ಮೆಲ್ಬರ್ನ್, ಮುಂಬಯಿ

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ 1933ರಿಂದ ನೇರಳೆ-ಬಿಳಿಯಲ್ಲಿ ಆಡುತ್ತಿದ್ದ ಕ್ಲಬ್ಬನ್ನು 2005ರಲ್ಲಿ ರೆಡ್ ಬುಲ್ ಕೊಂಡಿತು. ಕಂಪನಿ ಆಸ್ಟ್ರಿಯಾದ್ದೇ, ಬಹುಪಾಲು ಷೇರು ಥಾಯ್ಲೆಂಡಿನ ಕುಟುಂಬದ್ದು. ಹೆಸರು, ಲಾಂಛನ, ಬಣ್ಣ ಮೂರೂ ಪಾನೀಯದ ಡಬ್ಬಿಗೆ ಹೊಂದುವಂತೆ ಬದಲಾದವು. ನೇರಳೆಯನ್ನು ಎಲ್ಲಾದರೂ ಉಳಿಸಿ ಎಂದು ಕೇಳಿದವರಿಗೆ, ಗೋಲ್‌ಕೀಪರನ ಕಾಲುಚೀಲದಲ್ಲಿ ಉಳಿಸಬಹುದು ಎಂಬ ಉತ್ತರ ಸಿಕ್ಕಿತು. ಅವಮಾನಗೊಂಡ ಅಭಿಮಾನಿಗಳು ಹಳೆಯ ಹೆಸರು, ಹಳೆಯ ಬಣ್ಣದೊಂದಿಗೆ ತಮ್ಮದೇ ಕ್ಲಬ್ ಕಟ್ಟಿ ದೇಶದ ತಳಶ್ರೇಣಿಯಿಂದ ಆಡಲಾರಂಭಿಸಿದರು. 2015ರ ವೇಳೆಗೆ ಅದು ಎರಡನೇ ಶ್ರೇಣಿಯವರೆಗೂ ಏರಿತ್ತು.

ಇನ್ನೊಂದು ಬಗೆ, ಒಬ್ಬನೇ ಒಡೆಯ ಹಲವು ದೇಶಗಳಲ್ಲಿ ಕ್ಲಬ್‌ಗಳನ್ನು ಕೊಂಡು ಎಲ್ಲಕ್ಕೂ ಒಂದೇ ಕುಟುಂಬದ ಚಹರೆ ಕೊಡುವುದು. ಅಬುಧಾಬಿಯ ಬಂಡವಾಳದ ಸಿಟಿ ಫುಟ್‌ಬಾಲ್ ಗ್ರೂಪ್ 2014ರಲ್ಲಿ ಕೆಂಪು-ಬಿಳಿಯ ಮೆಲ್ಬರ್ನ್ ಹಾರ್ಟ್ ಕ್ಲಬ್ಬನ್ನು ಕೊಂಡು ಮೆಲ್ಬರ್ನ್ ಸಿಟಿ ಎಂದು ಕರೆಯಿತು, ಮ್ಯಾಂಚೆಸ್ಟರ್ ಸಿಟಿಯ ತಿಳಿನೀಲಿಯನ್ನು ತೊಡಿಸಲು ಹೊರಟಿತು. ತಿಳಿನೀಲಿ ನಮ್ಮದು ಎಂದು ಸಿಡ್ನಿ ಎಫ್‌ಸಿ ತಕರಾರು ತೆಗೆಯಿತು. ಅಲ್ಲಿ ಬಣ್ಣಕ್ಕಾಗಿ ಹೋರಾಡಿದ್ದು ಎದುರಾಳಿ ಕ್ಲಬ್.

ಅದೇ ಗ್ರೂಪ್ 2019ರ ನವೆಂಬರಿನಲ್ಲಿ ಮುಂಬಯಿ ಸಿಟಿ ಎಫ್‌ಸಿಯ ಶೇ. 65ರಷ್ಟು ಪಾಲನ್ನು ಕೊಂಡಿತು. ಭಾರತೀಯ ಕ್ಲಬ್ಬೊಂದರ ಬಹುಪಾಲು ವಿದೇಶಿ ಕ್ರೀಡಾ ಸಮೂಹದ ಕೈಗೆ ಹೋದ ದೊಡ್ಡ ವ್ಯವಹಾರವಿದು. 2014ರಲ್ಲಷ್ಟೇ ಹುಟ್ಟಿದ್ದ ತಂಡದ ಉಡುಪು ಸಮೂಹದ ತಿಳಿನೀಲಿಗೆ ಹೊಂದಿಕೊಂಡಿತು, 2022ರಲ್ಲಿ ಲಾಂಛನವೂ ಬದಲಾಯಿತು. 2020-21ರಲ್ಲಿ ತಂಡ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದುದರಿಂದ ದೂರು ಹೆಚ್ಚು ಕೇಳಿಬರಲಿಲ್ಲ. 2025ರ ಕೊನೆಯಲ್ಲಿ, ದೇಶದ ಫುಟ್‌ಬಾಲ್ ಲೀಗಿನ ಭವಿಷ್ಯವೇ ತೂಗಾಡುತ್ತಿದ್ದಾಗ, ಸಮೂಹ ತನ್ನ ಪಾಲನ್ನು ಬಿಟ್ಟು ಹೊರಟಿತು. ಒಡೆಯರು ಬಂದು ಹೋದದ್ದು ಆರೇ ವರ್ಷದಲ್ಲಿ. ಹಾಗೆ ಬಂದು ಹೋಗುವವರ ಕೈಗೆ ಬಣ್ಣದ ಅಧಿಕಾರವನ್ನು ಪೂರ್ತಿಯಾಗಿ ಒಪ್ಪಿಸಬಹುದೇ ಎಂದು ಕೇಳಬೇಕಾಗುತ್ತದೆ.

ಬೆಂಗಳೂರಿನ ಹಣ, ಕೋಲ್ಕತ್ತದ ಬಣ್ಣ

ಕನ್ನಡನಾಡಿನ ಬಂಡವಾಳ ಈ ಚರಿತ್ರೆಯಲ್ಲಿ ಹೊರಗಿನ ಒಡೆಯನ ಪಾತ್ರವನ್ನೂ ವಹಿಸಿದೆ. 1998ರಲ್ಲಿ ವಿಜಯ್ ಮಲ್ಯ ಅವರ ಯುಬಿ ಗ್ರೂಪ್ ಕೋಲ್ಕತ್ತದ ಎರಡು ಬದ್ಧ ಎದುರಾಳಿ ಕ್ಲಬ್‌ಗಳಲ್ಲಿಯೂ ಹಣ ಹಾಕಿತು. 1889ರ ಮೋಹನ್ ಬಾಗಾನ್ 'ಮೆಕ್‌ಡೊವೆಲ್ ಮೋಹನ್ ಬಾಗಾನ್' ಆಯಿತು, 1920ರ ಈಸ್ಟ್ ಬೆಂಗಾಲ್ 'ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್' ಆಯಿತು. ಒಂದೇ ಮನೆಯ ಹಣ ಎರಡೂ ಕಡೆಯ ಅಂಗಿಗಳ ಮೇಲೆ ಹೆಸರಾಗಿ ಕೂತಿತು. ಆದರೆ ಬಾಗಾನ್‌ನ ಹಸಿರು-ಮೆರೂನ್ ಆಗಲಿ, ಈಸ್ಟ್ ಬೆಂಗಾಲ್‌ನ ಕೆಂಪು-ಹೊಂಬಣ್ಣವಾಗಲಿ ಕದಲಲಿಲ್ಲ. ಕದಲಿಸುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ. 1911ರ ಜುಲೈ 29ರಂದು ಹೆಚ್ಚಿನವರು ಬರಿಗಾಲಲ್ಲೇ ಆಡಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಷೀಲ್ಡ್ ಗೆದ್ದ ಬಣ್ಣ ಬಾಗಾನ್‌ನದು. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ಹೊಸ ನಗರದಲ್ಲಿ ತಮ್ಮದೆಂದು ಹಿಡಿದುಕೊಂಡ ಬಣ್ಣ ಇನ್ನೊಂದು.

ಆ ಕೆಂಪು-ಹೊಂಬಣ್ಣದಲ್ಲಿ ನಮ್ಮವರ ಬೆವರೂ ಇದೆ. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಆಡಿ ಮರುವರ್ಷ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಮುಂಪಡೆಯ ಐವರನ್ನು ಜನ ಪಂಚಪಾಂಡವರು ಎಂದು ಕರೆದರು, ಅವರಲ್ಲಿ ಇವರೊಬ್ಬರು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಹೋಗುತ್ತಿದ್ದ ಅವರ ಆಟ ನೋಡಿದವರು ದಶಕಗಳ ಕಾಲ ಅದನ್ನು ಹೇಳಿಕೊಂಡು ಬಂದರು.

ಯುಬಿ ಗ್ರೂಪ್ ಬಂದ ಎರಡು ದಶಕಗಳ ನಂತರ ಬೆಂಗಳೂರಿನದೇ ಕ್ವೆಸ್ ಕಾರ್ಪ್ 2018ರಲ್ಲಿ ಈಸ್ಟ್ ಬೆಂಗಾಲ್‌ನ ಶೇ. 70ರಷ್ಟು ಪಾಲು ಪಡೆಯಿತು, 2020ರಲ್ಲಿ ಬಿಟ್ಟಿತು. ಅದೇ 2020ರಲ್ಲಿ ಮೋಹನ್ ಬಾಗಾನ್ ಸಂಜೀವ್ ಗೋಯೆಂಕಾ ಅವರ ಎಟಿಕೆ ತಂಡದೊಡನೆ ಸೇರಿ 'ಎಟಿಕೆ ಮೋಹನ್ ಬಾಗಾನ್' ಆಯಿತು. ಹಸಿರು-ಮೆರೂನ್ ಉಳಿಯಿತು, ಹಾಯಿದೋಣಿಯ ಲಾಂಛನ ಉಳಿಯಿತು. ಆದರೂ ಹೆಸರಿನ ಮುಂದಿನ ಆ ಮೂರಕ್ಷರ ತೆಗೆಯಿರಿ ಎಂದು ಅಭಿಮಾನಿಗಳು ಮೂರು ವರ್ಷ ಬಿಡದೆ ಕೂಗಿದರು. 2023ರ ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಕಪ್ ಗೆದ್ದ ರಾತ್ರಿಯೇ ಎಟಿಕೆ ಎಂಬುದನ್ನು ಕೈಬಿಡುವುದಾಗಿ ಗೋಯೆಂಕಾ ಘೋಷಿಸಿದರು. ಬೆಂಗಳೂರಿನ ಅಭಿಮಾನಿಗಳಿಗೆ ಅದು ನೋವಿನ ರಾತ್ರಿ. ಕ್ಲಬ್‌ಗಳ ಚರಿತ್ರೆ ಬರೆಯುವವರಿಗೆ ಮಾತ್ರ, ಕೂಗಿದರೆ ಕೇಳುತ್ತದೆ ಎಂಬುದಕ್ಕೆ ಅದೊಂದು ಗಟ್ಟಿ ಸಾಕ್ಷಿ.

ಕರ್ನಾಟಕ

ಬೆಂಗಳೂರಿನ ಫುಟ್‌ಬಾಲ್ ಹಳೆಯದು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಮೈಸೂರು ರಾಜ್ಯ ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ 54 ವರ್ಷ ಕಾದು, 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ತಂದಿತು. ನಡುವಿನ ದಶಕಗಳಲ್ಲಿ ಆಟವನ್ನು ಸಾಕಿದ್ದು ಎಚ್‌ಎಎಲ್, ಐಟಿಐನಂಥ ಸರ್ಕಾರಿ ಕಾರ್ಖಾನೆಗಳು. ಅಲ್ಲಿ ಆಟಗಾರನಿಗೆ ನೌಕರಿ ಇತ್ತು, ತಂಡಕ್ಕೆ ಮೈದಾನವಿತ್ತು. ಬಣ್ಣ ಮಾರುವ ಪ್ರಶ್ನೆಯೇ ಇರಲಿಲ್ಲ. ಕಾರ್ಖಾನೆಗಳ ತಂಡಗಳು ಕುಂದಿದ ಮೇಲೆ, 2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿಯನ್ನು ಕಟ್ಟಿತು. ಮೊದಲ ಋತುವಿನಲ್ಲೇ ಅದು ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಶ್ರೀ ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ತೊಂಬತ್ತು ನಿಮಿಷವೂ ನಿಂತು ಹಾಡುವ 'ವೆಸ್ಟ್ ಬ್ಲಾಕ್ ಬ್ಲೂಸ್' ಗುಂಪು ತನ್ನ ಹೆಸರಿನಲ್ಲಿಯೇ ನೀಲಿಯನ್ನು ಇಟ್ಟುಕೊಂಡಿದೆ. ಕಂಪನಿ ಆರಿಸಿದ ಬಣ್ಣ ಹನ್ನೆರಡೇ ವರ್ಷದಲ್ಲಿ ಊರಿನ ಬಣ್ಣವಾದದ್ದನ್ನು ಕಣ್ಣಾರೆ ನೋಡಬೇಕಾದರೆ ಅಲ್ಲಿಗೆ ಹೋಗಬೇಕು. 2025ರ ಆಗಸ್ಟಿನಲ್ಲಿ ಲೀಗಿನ ಅನಿಶ್ಚಿತತೆಯಿಂದಾಗಿ ಕ್ಲಬ್ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿದಾಗ, ಈ ಊರಿನ ಫುಟ್‌ಬಾಲ್ ಒಬ್ಬ ಒಡೆಯನ ಮೇಲೆ ಎಷ್ಟು ನಿಂತಿದೆ ಎಂಬುದೂ ಕಂಡಿತು.

ವಿದೇಶಿ ಒಡೆತನ ಮತ್ತು ಬಣ್ಣ ಎರಡೂ ಕರ್ನಾಟಕದಲ್ಲಿ ಒಟ್ಟಿಗೆ ಬಂದದ್ದು ಫುಟ್‌ಬಾಲಿನಲ್ಲಲ್ಲ, ಕ್ರಿಕೆಟ್ಟಿನಲ್ಲಿ. 2008ರಲ್ಲಿ ಯುಬಿ ಗ್ರೂಪ್ 11.16 ಕೋಟಿ ಡಾಲರಿಗೆ ಕೊಂಡ ರಾಯಲ್ ಚಾಲೆಂಜರ್ಸ್ (ಆರ್‌ಸಿಬಿ) ತಂಡದ ಹೆಸರು ವಿಸ್ಕಿಯ ಹೆಸರಿನಿಂದ ಬಂತು. ಮೊದಲ ಅಂಗಿ ಮಾತ್ರ ಕೆಂಪು-ಹಳದಿ: ಮ. ರಾಮಮೂರ್ತಿ ಅವರು ರೂಪಿಸಿದ ಕನ್ನಡ ಬಾವುಟದ ಬಣ್ಣಗಳು. ಮುಂದೆ ಹಳದಿ ಹೊನ್ನಿನ ಬಣ್ಣಕ್ಕೆ ತಿರುಗಿತು, ಕೆಲವು ವರ್ಷ ಕಪ್ಪು ಸೇರಿತು. ತಂಡದ ಒಡೆತನವಿದ್ದ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಬಹುಪಾಲು 2014ರಲ್ಲಿ ಬ್ರಿಟನ್ನಿನ ಡಿಯಾಜಿಯೊ ಕೈಗೆ ಹೋಯಿತು. 2020ರಲ್ಲಿ ಲಾಂಛನ ಬದಲಾಯಿತು. 2024ರ ಮಾರ್ಚ್ 19ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಬಂತು, ಕೆಂಪಿನ ಜೊತೆ ನೀಲಿ ಬಂತು. ಊರಿನ ಹೆಸರು ಅಧಿಕೃತವಾಗಿ ಬದಲಾಗಿ ಆಗಲೇ ಒಂಬತ್ತು ವರ್ಷ ದಾಟಿತ್ತು. ಜನ ಬಹುಕಾಲದಿಂದ ಕೇಳುತ್ತಿದ್ದ ಹೆಸರು ಸಿಕ್ಕ ಸಂತೋಷದಲ್ಲಿ ನೀಲಿಯ ಬಗ್ಗೆ ಹೆಚ್ಚು ಮಾತಾಗಲಿಲ್ಲ. ಆ ಹೆಸರಿನಲ್ಲೇ, 2025ರ ಜೂನ್ 3ರಂದು ತಂಡ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ ಅದೇ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ವರ್ಷದ ನವೆಂಬರಿನಲ್ಲಿ ಯುನೈಟೆಡ್ ಸ್ಪಿರಿಟ್ಸ್ ತಂಡದಲ್ಲಿನ ತನ್ನ ಹೂಡಿಕೆಯನ್ನು ಮರುಪರಿಶೀಲಿಸುವುದಾಗಿ ಪ್ರಕಟಿಸಿತು.

ಬೆಂಗಳೂರಿನಿಂದ ದೂರದ ಊರುಗಳಲ್ಲಿ ಬಣ್ಣದ ರೀತಿ ಬೇರೆ. ನಂಜನಗೂಡು ತಾಲ್ಲೂಕಿನ ಕವಲಂದೆ ಮೈಸೂರು-ಚಾಮರಾಜನಗರ ರೈಲುದಾರಿಯ ಮೇಲಿನ ಊರು. ಅಲ್ಲಾಗಲಿ, ನೆರೆಯ ತಿ. ನರಸೀಪುರ ಸೀಮೆಯಲ್ಲಾಗಲಿ ವೃತ್ತಿಪರ ಕ್ಲಬ್ಬಿಲ್ಲ. ಇಂಥ ಊರುಗಳ ಟೂರ್ನಮೆಂಟುಗಳಲ್ಲಿ ಅಂಗಿ ಹೊಲಿಸಿಕೊಡುವವರು ಅಂಗಡಿಯವರು, ಗುತ್ತಿಗೆದಾರರು, ಚುನಾವಣೆ ಹತ್ತಿರವಾದರೆ ಮುಖಂಡರು. ಬೆನ್ನ ಮೇಲೆ ಅವರ ಹೆಸರು ಅಚ್ಚಾಗುತ್ತದೆ, ಮುಂದಿನ ವರ್ಷ ದಾನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಯಾರೂ ನೊಂದುಕೊಳ್ಳುವುದಿಲ್ಲ, ಯಾಕೆಂದರೆ ತಂಡದ ಗುರುತು ಅಂಗಿಯಲ್ಲಿಲ್ಲ. ಊರಿನ ಅಥವಾ ಬೀದಿಯ ಹೆಸರಿನಲ್ಲಿ, ದೇವರ ಹೆಸರಿನಲ್ಲಿದೆ. ಯಾವ ದಾನಿಯೂ ಆ ಹೆಸರು ತೆಗೆಯಿರಿ ಎಂದು ಕೇಳುವುದಿಲ್ಲ. ಕೇಳಿದರೆ ತಂಡವೇ ಇರುವುದಿಲ್ಲ. ಅಲ್ಲಿಯೂ ಮಕ್ಕಳ ಮೈಮೇಲೆ ವರ್ಷಗಟ್ಟಲೆ ಉಳಿಯುವುದು ಜಾತ್ರೆಯ ಅಂಗಡಿಯಲ್ಲಿ ಕೊಂಡ ಆರ್‌ಸಿಬಿಯ ಕೆಂಪು ಅಂಗಿ. ತಂಡದ ಒಡೆಯರಿಗೆ ಅದರಿಂದ ಒಂದು ಕಾಸೂ ಬರುವುದಿಲ್ಲ, ಆದರೆ ಆ ತಂಡದ ಬೆಲೆ ಬೆಳೆದದ್ದು ಅಂಥ ಲಕ್ಷಾಂತರ ಅಂಗಿಗಳಿಂದಲೇ.

ಕಾನೂನು

ಜರ್ಮನಿಯಲ್ಲಿ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತಗಳು ಸದಸ್ಯರ ಸಂಘದ ಕೈಯಲ್ಲಿರಬೇಕೆಂಬ ನಿಯಮವಿದೆ. ಇಂಗ್ಲೆಂಡಿನಲ್ಲಿ ಕಾರ್ಡಿಫ್‌ನಂಥ ಪ್ರಕರಣಗಳ ನೆನಪು ಕಾನೂನಿನ ತನಕ ಹೋಯಿತು. 2013ರಲ್ಲಿ ಹಲ್ ಸಿಟಿಯ ಒಡೆಯರು ಕ್ಲಬ್ಬಿನ ಹೆಸರನ್ನು ಹಲ್ ಟೈಗರ್ಸ್ ಎಂದು ಮಾಡಹೊರಟಾಗ ಫುಟ್‌ಬಾಲ್ ಸಂಸ್ಥೆ ಅದನ್ನು ತಿರಸ್ಕರಿಸಿತು. ಹೆಸರಿಗೆ ಅನುಮತಿ ಬೇಕಿತ್ತು, ಕಾರ್ಡಿಫ್ ಬದಲಿಸಿದ ಬಣ್ಣಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಟ್ರೇಸಿ ಕ್ರೌಚ್ ನೇತೃತ್ವದ ಅಭಿಮಾನಿಗಳ ಪರಿಶೀಲನಾ ವರದಿ 2021ರಲ್ಲಿ ಬಂತು, ಅದರ ಫಲವಾಗಿ 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆಗೆ ಅಂತಿಮ ಒಪ್ಪಿಗೆ ಸಿಕ್ಕಿತು. ಆ ಕಾಯ್ದೆಯ ಪ್ರಕಾರ ಲಾಂಛನವನ್ನಾಗಲಿ ತವರಿನ ಅಂಗಿಯ ಮುಖ್ಯ ಬಣ್ಣವನ್ನಾಗಲಿ ಬದಲಿಸುವ ಮುನ್ನ, ಬಹುಪಾಲು ಅಭಿಮಾನಿಗಳ ಬೆಂಬಲವಿದೆ ಎಂದು ಖಚಿತಪಡಿಸಿಕೊಳ್ಳಲು ಕ್ಲಬ್ ತಕ್ಕ ಕ್ರಮ ಕೈಗೊಳ್ಳಬೇಕು.

ಹೊಸ ಹಣ ಬರುವಾಗ ಕ್ಲಬ್ ಸಂಕಟದಲ್ಲಿರುತ್ತದೆ, ಆಗ ಷರತ್ತು ಹಾಕುವ ಶಕ್ತಿ ಯಾರಿಗೂ ಇರುವುದಿಲ್ಲ. ಕಾರ್ಡಿಫ್‌ನಲ್ಲಿ ಆದದ್ದು ಅದೇ. ಹೀಗಾಗಿ ಷರತ್ತು ಮೊದಲೇ ಬರೆದಿರಬೇಕು. ಕರ್ನಾಟಕದ ಕ್ಲಬ್‌ಗಳು ತಮ್ಮ ತವರಿನ ಬಣ್ಣ, ಹೆಸರು, ಲಾಂಛನ ಮೂರನ್ನೂ ನಿಯಮಾವಳಿಯಲ್ಲಿ ನಮೂದಿಸಿ, ಅಭಿಮಾನಿಗಳ ಮತವಿಲ್ಲದೆ ಅವನ್ನು ಬದಲಿಸುವಂತಿಲ್ಲ ಎಂದು ಈಗಲೇ ಬರೆದಿಡಬೇಕು. ಅಭಿಮಾನಿ ಸಂಘಗಳು ಅದನ್ನು ಕೇಳಬೇಕು, ಮುಂದಿನ ಒಡೆಯರು ಯಾರೆಂದು ಗೊತ್ತಾಗುವ ಮೊದಲೇ ಕೇಳಬೇಕು.